ಕೋವಿಗೆ ಹೊಸ ಮರ ಹಾಕಿಸಿದ ಅನುಭವ

ನಮ್ಮ ಮನೆಯದು 12 ಬೋರಿನ ಒಂಟಿ ನಳಿಗೆ ಕೋವಿ, ಅಪ್ಪನ ಕಾಲದ್ದು. ಬೆಳೆ ರಕ್ಷಣೆಯ ಲೈಸೆನ್ಸ್ ಈಗ ನನ್ನ ಹೆಸರಲ್ಲಿದೆ. ವನ್ಯಜೀವಿ ಕಾಯ್ದೆ ಇರುವುದರಿಂದ ಶಿಕಾರಿಯ ಮಾತೇ ಇಲ್ಲ. ಹೊಸನಗರದ ಕಡೆ ನಮ್ಮ ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಒಂದು ಈಡು ಹಾರಿಸಿ ಓಡಿಸಲು ಮಾತ್ರ ಅದು ಹೊರಗೆ ಬರುತ್ತದೆ.

ಟ್ರಿಗರ್ ಹಿಂದೆ ಕೈಯಲ್ಲಿ ಹಿಡಿಯುತ್ತೇವಲ್ಲ, ಆ ಕತ್ತಿನ ಹತ್ತಿರ ಮರ, ಅಂದರೆ ಹೆಗಲಿಗೆ ಆನಿಸುವ ಹಿಂಭಾಗ, ಸೀಳಿತ್ತು. ಅಪ್ಪ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ್ದರು. ಹೋದ ವರ್ಷ ಈಡು ಹೊಡೆದಾಗ ಸೀಳು ಬಾಯಿ ಬಿಟ್ಟು ಮುಚ್ಚಿಕೊಂಡಿತು, ಅಂಗೈ ಚರ್ಮ ಅದರೊಳಗೆ ಸಿಕ್ಕಿ ರಕ್ತ ಬಂತು. ಇನ್ನು ತಂತಿ ಸಾಕು, ಮರವನ್ನೇ ಬದಲಿಸೋಣ ಅಂದುಕೊಂಡೆ.

ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಊರಿನ ಬಡಗಿ ಹತ್ತಿರ ಬಿಚ್ಚಿಸುವ ಹಾಗಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ಪರವಾನಗಿ ಇರುವ ಒಬ್ಬ ಹಿರಿಯರ ಹತ್ತಿರ ಹೋದೆ. ಜೊತೆಗೆ ಅಟ್ಟದ ಮೇಲಿದ್ದ ಅಜ್ಜನ ಮಂಚದ ಬೀಟೆ ಹಲಗೆಯನ್ನೂ ಒಯ್ದಿದ್ದೆ. ಅರವತ್ತು ವರ್ಷ ಒಣಗಿದ ಚೇಗು (ಮರದ ಗಟ್ಟಿ ತಿರುಳು), ಕಪ್ಪು ಗೆರೆ, ಎಂಥ ಚೆಂದ! ಅದನ್ನೇ ಹಾಕಿಸಬೇಕು ಅಂತ ತುಂಬಾ ಆಸೆಯಿತ್ತು.

ಅವರು ಮೊದಲು ಹಳೇ ಮರ ಬಿಚ್ಚಿ ತೋರಿಸಿದರು. ನಳಿಗೆ, ಟ್ರಿಗರ್ ಇರುವ ಕಬ್ಬಿಣ ಕೂರುವ ತಲೆಯ ಭಾಗ ಕಪ್ಪಾಗಿ, ಉಗುರಿನಿಂದ ಕೆರೆದರೆ ಹಿಟ್ಟಿನ ಹಾಗೆ ಬರುತ್ತಿತ್ತು. ನಾವು ನಳಿಗೆಗೆ ಎಣ್ಣೆ ಜಾಸ್ತಿ ಹಾಕಿ, ಬಾಯಿ ಮೇಲೆ ಮಾಡಿ ನಿಲ್ಲಿಸುತ್ತಿದ್ದೆವು. ಎಣ್ಣೆ ಇಳಿದಿಳಿದು ಮರದೊಳಗೆ ಸೇರಿ ಅದು ಮೆತ್ತಗಾಗಿತ್ತು. ಸೀಳಿದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಹಳೇ ಮರದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ನನ್ನ ಕೈಗೇ ಕೊಟ್ಟರು. ಬೀಟೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಎಳೆ ಎದ್ದು ಕಂಡಿತು. ರಟ್ಟನ್ನು ಹೇಗೆ ತಿರುಗಿಸಿ ಇಟ್ಟರೂ ಕತ್ತಿನ ಜಾಗದಲ್ಲಿ ಎಳೆ ಅಡ್ಡ ಓಡುತ್ತಿತ್ತು, ಎರಡು ಇಂಚಿನೊಳಗೇ ಮೇಲಿಂದ ಕೆಳಗೆ ಹೊರಗೆ ಹೋಗಿಬಿಡುತ್ತಿತ್ತು. ಅಲ್ಲೇ ಮರ ಅತಿ ತೆಳು, ಈಡು ಹಾರಿದಾಗ ಕೋವಿಯ ಒದೆ ಬೀಳುವುದೂ ಅಲ್ಲೇ. ಕತ್ತಿನ ಉದ್ದಕ್ಕೂ ಎಳೆ ನೇರ ಹರಿಯಬೇಕು, ಬಣ್ಣದ ಚಿತ್ತಾರ ಬೇಕಿದ್ದರೆ ಹಿಂದಿನ ಅಗಲ ಭಾಗದಲ್ಲಿರಲಿ. ಬೀಟೆ ಭಾರವೂ ಹೌದು, ಹಿಂಭಾಗ ತೂಗಿ ನಳಿಗೆ ಮೇಲೇಳುತ್ತದೆ. ಸಾಗುವಾನಿ ಇದೆಯಲ್ಲ ಅಂದೆ. ಎಳೆಯುದ್ದಕ್ಕೆ ಬೇಗ ಸೀಳುತ್ತದೆ, ಬೇಡ ಅಂದರು. ಕೊನೆಗೆ ಅವರಲ್ಲಿದ್ದ ಕಾಶ್ಮೀರದ ಅಕ್ರೋಟ್ ತುಂಡು ಆರಿಸಿದೆ. ನೋಡಲು ಸಾದಾ ಕಂದು. ಆದರೆ ಹಗುರ, ಗಟ್ಟಿ, ಒಣಗಿದ ಮೇಲೆ ಹೆಚ್ಚು ಸೊಟ್ಟಗಾಗುವುದಿಲ್ಲ. ಅಜ್ಜನ ಹಲಗೆ ಮತ್ತೆ ಅಟ್ಟಕ್ಕೆ ಹೋಯಿತು. ಬೇಜಾರಾಯಿತು ನಿಜ.

ಅಳತೆ ವಿಷಯದಲ್ಲಿ ಆತುರ ಮಾಡಬೇಡಿ. ಹಳೇ ಮರ ಟ್ರಿಗರಿನಿಂದ ಹಿಂದಿನ ತುದಿಗೆ 14.5 ಇಂಚು ಇತ್ತು. ಅಪ್ಪ ನನಗಿಂತ ಎತ್ತರ, ಅವರಿಗೆ ಸರಿ. ನನಗೆ ಜೋರಾಗಿ ಎತ್ತುವಾಗ ಕಂಕುಳಿನ ಅಂಗಿಗೆ ಸಿಕ್ಕುತ್ತಿತ್ತು. ಕೋವಿ ಖಾಲಿ ಇದೆಯೇ ಅಂತ ಇಬ್ಬರೂ ನೋಡಿಕೊಂಡೆವು. ನಂತರ ಕಣ್ಣು ಮುಚ್ಚಿ ಹೆಗಲಿಗೆ ತಂದು, ಕಣ್ಣು ಬಿಟ್ಟು ನೋಡಿದೆ. ನಳಿಗೆ ತುದಿಯ ಹಿತ್ತಾಳೆ ಮಣಿ ಕಣ್ಣಿಗೆ ನೇರ ಕಾಣಬೇಕು. ಕೆನ್ನೆ ಇಡುವ ಜಾಗ ಎತ್ತರವಾದರೆ ಈಡು ಮೇಲೆ ಹೋಗುತ್ತದೆ, ತಗ್ಗಾದರೆ ಮಣಿಯೇ ಕಾಣುವುದಿಲ್ಲ. ನಾಲ್ಕಾರು ಸಲ ಹೀಗೆ ಮಾಡಿ, ಹಿಂದಿನ ತುದಿಗೆ ಹಾಕುವ ರಬ್ಬರ್ ಸೇರಿ 13.75 ಇಂಚಿಗೆ ನಿಲ್ಲಿಸಿದೆವು.

ಕಬ್ಬಿಣವನ್ನು ಮರಕ್ಕೆ ಕೂರಿಸುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ದೀಪದ ಮಸಿ ಸವರಿ ಒತ್ತುತ್ತಾರೆ, ಮರದಲ್ಲಿ ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ತೆಗೆಯುತ್ತಾರೆ, ಮತ್ತೆ ಮಸಿ, ಮತ್ತೆ ಉಳಿ, ಇಡೀ ಮಧ್ಯಾಹ್ನ ಇದೇ. ಎರಡೂ ಬದಿಯ ಚಪ್ಪಟೆ ಭಾಗ ಸಮನಾಗಿ ತಾಗಿ ಒದೆ ಹೊರಬೇಕು. ಆದರೆ ಕಬ್ಬಿಣದ ಬಾಲದ (ಕತ್ತಿನ ಕಡೆಗೆ ಹಿಂದಕ್ಕೆ ಚಾಚಿದ ಪಟ್ಟಿಯ) ಹಿಂದೆ ಮಾತ್ರ ಒಂದು ಕಾಗದದಷ್ಟು ಸಂದು ಬೇಕೇ ಬೇಕು. ಇಲ್ಲದಿದ್ದರೆ ಪ್ರತಿ ಈಡಿಗೂ ಅದು ಬೆಣೆ ಹೊಡೆದ ಹಾಗೆ ಮರ ಸೀಳುತ್ತದೆ.

ಉಜ್ಜುವುದು, ಎಣ್ಣೆ ಹಾಕುವುದು ನನ್ನ ಪಾಲು. ಕಬ್ಬಿಣ ಅವರ ಹತ್ತಿರವೇ ಇತ್ತು, ಮರ ಮಾತ್ರ ಮನೆಗೆ ತಂದೆ. ಅಗಸೆ ಎಣ್ಣೆ, ಅಂಗೈಯಿಂದ ಬಿಸಿಯಾಗುವ ತನಕ ತಿಕ್ಕಿ, ಒಣಗಿಸಿ, ಮತ್ತೆ ಹಚ್ಚಿದೆ, ಎಂಟು ಸಲ. ನಮ್ಮ ಮಳೆಗೆ ಹೊರಮೈ ಹೊಳೆದರೆ ಸಾಲದು. ರಬ್ಬರಿನ ಅಡಿಯ ಕೊಯ್ದ ತುದಿ, ಬೋಲ್ಟಿನ ತೂತು, ಒಳಗೆ ಕೆತ್ತಿದ ಜಾಗ, ನೀರು ಕುಡಿಯುವುದು ಅಲ್ಲೇ. ಅಲ್ಲಿಗೂ ಬಿಡದೆ ಹಚ್ಚಿದೆ.

ಈಗ ಕೋವಿಯನ್ನು ಬೀಗದ ಪೆಟ್ಟಿಗೆಯಲ್ಲಿ ನಳಿಗೆ ಬಾಯಿ ಕೆಳಗೆ ಮಾಡಿ ಇಡುತ್ತೇನೆ. ಆಷಾಢ, ಶ್ರಾವಣ ಎರಡೂ ಕಳೆದ ಮೇಲೆ ಶಿವಮೊಗ್ಗಕ್ಕೆ ಒಯ್ದು ತೋರಿಸಿದೆ. ಅವರು ಬಾಲದ ಹಿಂದಿನ ಸಂದಿಗೆ ಕಾಗದ ತೂರಿಸಿ ನೋಡಿದರು, ಸಲೀಸಾಗಿ ಹೋಯಿತು.