ಕಾಲುವೆ ದೋಣಿಯೊಳಗಿನ ಅಂಬಾಸಿಡರ್ ಎಂಜಿನ್

ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಬ್ಲಿಸ್‌ವರ್ತ್ ಅಂತ ಒಂದು ಸುರಂಗ ಇದೆ. 1805ರಲ್ಲಿ ತೆರೆದದ್ದು. ಉದ್ದ 2.8 ಕಿಲೋಮೀಟರ್. ಒಳಗೆ ನಡೆಯುವ ದಾರಿ ಇಲ್ಲ. ದೋಣಿಯ ಮುಂದೆ ಕೂರಿಸಿದ ಹೆಡ್‌ಲೈಟೇ ಬೆಳಕು. ಎದುರಿನಿಂದ ಇನ್ನೊಂದು ದೋಣಿ ಬಂದರೆ ಇಬ್ಬರೂ ಗೋಡೆಯ ಕಡೆ ಸರಿದು, ನಿಧಾನವಾಗಿ ಹಾದು ಹೋಗಬೇಕು.

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನಾನು, ನನ್ನ ಹೆಂಡತಿ ಅದರೊಳಗೆ ಹೋಗುತ್ತಿದ್ದೆವು. ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದೆ. ನಾವು ಒಳಗೆ ಬಂದ ಬಾಯಿಯ ಬೆಳಕು ಕಾಣಲಿಲ್ಲ. ಸುರಂಗದ ತುಂಬ ನಮ್ಮದೇ ನೀಲಿ ಹೊಗೆ. ಎದುರಿನಿಂದ ಬಂದ ದೋಣಿಯಲ್ಲಿ ವಯಸ್ಸಾದ ದಂಪತಿ ಇದ್ದರು. ಇಬ್ಬರೂ ಮೂಗಿಗೆ ಬಟ್ಟೆ ಹಿಡಿದುಕೊಂಡೇ ನಮ್ಮನ್ನು ದಾಟಿದರು. ಏನೂ ಅನ್ನಲಿಲ್ಲ. ಆದರೆ ಆವತ್ತೇ ನಿರ್ಧಾರ ಮಾಡಿದೆ, ಈ ಎಂಜಿನ್ ಸರಿ ಮಾಡದೆ ಇನ್ನೊಂದು ಸುರಂಗಕ್ಕೆ ಹೋಗೋದಿಲ್ಲ ಅಂತ.

ನಮ್ಮದು 45 ಅಡಿ ಉದ್ದದ ಉಕ್ಕಿನ ನ್ಯಾರೋಬೋಟ್. ಅಗಲ 6 ಅಡಿ 10 ಇಂಚು ಮಾತ್ರ. ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಇಲ್ಲಿನ ಹಳೆಯ ಕಿರಿದಾದ ಲಾಕ್‌ಗಳು ಸುಮಾರು 7 ಅಡಿ ಅಗಲ ಇರುವುದರಿಂದ ದೋಣಿಗಳೂ ಹೀಗೆ ಸಪೂರ. 1970ರ ದಶಕದ ಕೊನೆಯಲ್ಲಿ ಕಟ್ಟಿದ ದೋಣಿ. ಅದರ ಜೊತೆಗೇ ಬಂದ ಎಂಜಿನ್ ಬಿಎಂಸಿ 1.5 ಡೀಸೆಲ್. ನಾಲ್ಕು ಸಿಲಿಂಡರ್, 1489 ಸಿಸಿ. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಕಾರಿಗೆ, ವ್ಯಾನಿಗೆ ಅಂತ ಮಾಡಿದ ಎಂಜಿನ್ ಇದು. ಆಮೇಲೆ ಸಾವಿರಾರು ದೋಣಿಗಳಿಗೂ ಇಳಿಯಿತು.

ನಮ್ಮವರಿಗೆ ಈ ಎಂಜಿನ್ ಹೊಸದೇನಲ್ಲ. ನಮ್ಮ ಡೀಸೆಲ್ ಅಂಬಾಸಿಡರಿನಲ್ಲಿ ಇದ್ದದ್ದು ಇದೇ 1489 ಸಿಸಿ ಎಂಜಿನ್. ನನ್ನ ಚಿಕ್ಕಪ್ಪ ಹಾಸನದಲ್ಲಿ ಅದೇ ಕಾರನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದವರು. ಶಿರಾಡಿ ಘಾಟಿ ಹತ್ತಿ ಇಳಿದು ಅಭ್ಯಾಸ. ಗ್ಯಾರೇಜಿಗೆ ಬಿಡದೆ ತಾವೇ ಬಿಚ್ಚಿ ಕೂರಿಸುತ್ತಿದ್ದರು. ದೋಣಿ ಕೊಂಡ ವಾರ ನಾನು ಎಂಜಿನ್ನಿನ ಫೋಟೋ ಕಳಿಸಿದಾಗ ಐದೇ ನಿಮಿಷದಲ್ಲಿ ಫೋನ್ ಬಂತು. "ಪುಟ್ಟಾ, ಇದು ನಮ್ಮ ಗಾಡಿ ಎಂಜಿನ್ ಕಣೋ!"

ಸುರಂಗದಿಂದ ಬಂದ ಮೇಲೆ ಅವರಿಗೇ ಫೋನ್ ಮಾಡಿದೆ. ಹೊಗೆ ಒಂದೇ ಅಲ್ಲ, ಚಿಕ್ಕಪ್ಪ, ಹಿಂದಿನಿಂದ ಎಂಜಿನ್ ಆಯಿಲ್ ಸೋರುತ್ತಿದೆ, ಹಿಂದಿನ ಸೀಲ್ ಹೋಗಿದೆ ಅಂತ ಕಾಣುತ್ತೆ ಅಂದೆ. "ಸೀಲ್ ಸುದ್ದಿ ಬಿಡು. ಎಂಜಿನ್ ಓಡ್ತಿರುವಾಗ ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗ್ದು ಕೈ ಇಟ್ಟು ನೋಡು" ಅಂದರು. ಇಟ್ಟೆ. ಕುಕ್ಕರಿನ ಹಬೆ ಥರ ಬುಸು ಬುಸು ಹೊಡೆಯುತ್ತಿತ್ತು.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಯಾಕೆಂದರೆ ಬಹಳ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ. ಈ ಎಂಜಿನ್ನಿನ ಹಿಂದೆ ರಬ್ಬರ್ ಸೀಲ್ ಇಲ್ಲ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಮೇಲೆ ಸ್ಕ್ರೂ ಥರ ಒಂದು ಗೀರು ಕೊರೆದಿರುತ್ತಾರೆ. ಕ್ರ್ಯಾಂಕ್ ತಿರುಗಿದಾಗ ಆ ಗೀರು ಆಯಿಲನ್ನು ಒಳಕ್ಕೆ ತಳ್ಳುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗು, ಸಿಲಿಂಡರಿನ ಒಳಗೋಡೆ ಅಂದರೆ ಬೋರು ಸವೆದರೆ ಉರಿದ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುತ್ತದೆ. ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡದ ಮುಂದೆ ಪಾಪ ಆ ಗೀರು ಏನು ಮಾಡೀತು? ಆಯಿಲ್ ಆಚೆ ಬರುತ್ತದೆ. ಅಂದರೆ ಸೋರುವುದು ಹಿಂದೆ, ಸವೆದಿರುವುದು ಮೇಲೆ.

"ಬಿಚ್ಚೋಕೆ ಮುಂಚೆ ಅಳತೆ ಮಾಡು. ಅಳೆಯದೆ ಸ್ಪ್ಯಾನರ್ ಮುಟ್ಟಬೇಡ" ಅಂದರು ಚಿಕ್ಕಪ್ಪ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಡೀಸೆಲ್ ಕಂಪ್ರೆಷನ್ ಗೇಜ್ ಕೊಂಡೆ. ಪೆಟ್ರೋಲ್ ಎಂಜಿನ್ನಿನ ಗೇಜ್ ಇದಕ್ಕೆ ಆಗೋದಿಲ್ಲ, ಒತ್ತಡ ಎರಡು ಮೂರು ಪಟ್ಟು ಜಾಸ್ತಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಡೀಸೆಲ್ ಹೋಗದಂತೆ ತಡೆಯುವ ಸ್ಟಾಪ್ ಕೇಬಲ್ ಎಳೆದಿಟ್ಟು, ಒಂದೊಂದೇ ಸಿಲಿಂಡರ್ ನೋಡಿದೆ. ಮೊದಲನೆಯದು 410 ಪಿಎಸ್ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ. ಎರಡನೆಯದು 400. ಮೂರನೆಯದು 270. ನಾಲ್ಕನೆಯದು 350. ಎಲ್ಲವೂ ಸಮವಾಗಿ ಸ್ವಲ್ಪ ಇಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಸುಮ್ಮನಿರುವ ಹಾಗಿಲ್ಲ.

ಆಮೇಲೆ ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದೆ. ಆಯಿಲ್ ಹಾಕಿದಾಗ ಒತ್ತಡ ಏರಿದರೆ ರಿಂಗ್ ಹೋಗಿದೆ, ಏರದಿದ್ದರೆ ವಾಲ್ವ್ ಹೋಗಿದೆ ಅಂತ ಲೆಕ್ಕ. ಡೀಸೆಲ್‌ನಲ್ಲಿ ಇದನ್ನು ಹುಷಾರಾಗಿ ಮಾಡಬೇಕು. ಈ ಎಂಜಿನ್ನಿನ ಕಂಪ್ರೆಷನ್ 23ಕ್ಕೆ 1, ಅಂದರೆ ಗಾಳಿಯನ್ನು 23ನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತದೆ. ಮೇಲೆ ಉಳಿಯುವ ಜಾಗ ತೀರಾ ಕಡಿಮೆ. ಆಯಿಲ್ ಆ ಜಾಗ ತುಂಬಿಕೊಂಡೇ ಒತ್ತಡ ಏರಿಸಿಬಿಡುತ್ತದೆ. ಅದಕ್ಕೇ ನಾಲ್ಕಕ್ಕೂ ಒಂದೇ ಅಳತೆ ಹಾಕಿ, ಏರಿಕೆಯನ್ನು ಹೋಲಿಸಿದೆ. ಮೂರನೆಯದು ಉಳಿದವಕ್ಕಿಂತ ಬಹಳ ಜಾಸ್ತಿ ಏರಿತು. ಹಾಸನದ ಭಾಷೆಯಲ್ಲಿ ಹೇಳಬೇಕೆಂದರೆ ಎಂಜಿನ್ ಬೋರಿಗೆ ಬಂದಿತ್ತು, ಅಂದರೆ ಬೋರ್ ಕೊರೆಸಿ ದೊಡ್ಡದು ಮಾಡಿಸಬೇಕಿತ್ತು.

ಇಲ್ಲಿ ಹೊಸ ಎಂಜಿನ್ ಹಾಕಿಸುವ ಯೋಚನೆ ಬಂದದ್ದು ನಿಜ. ಈಗ ಕುಬೋಟಾ, ಯಾನ್ಮಾರ್, ಮಿತ್ಸುಬಿಷಿ, ಇಸುಜು ಬ್ಲಾಕ್ ಮೇಲೆ ಕಟ್ಟಿದ ಒಳ್ಳೊಳ್ಳೆ ದೋಣಿ ಎಂಜಿನ್‌ಗಳು ಸಿಗುತ್ತವೆ. ಶಬ್ದ ಕಡಿಮೆ, ಹೊಗೆ ಇಲ್ಲ. ಆದರೆ ಎಂಜಿನ್ ಬೆಲೆಯೊಂದೇ ಲೆಕ್ಕ ಅಲ್ಲ. ಹಳೆಯದು ಕೂತ ಉಕ್ಕಿನ ತೊಲೆಗಳ ಅಳತೆ ಬೇರೆ, ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಬೇಕು. ಗೇರ್‌ಬಾಕ್ಸಿನ ರೇಶಿಯೋ ಬದಲಾದರೆ ಪ್ರೊಪೆಲರ್ ಬದಲಾಗಬೇಕು. ತಣ್ಣಗಾಗುವ ವ್ಯವಸ್ಥೆಯೂ ನೋಡಬೇಕು. ನ್ಯಾರೋಬೋಟಿನಲ್ಲಿ ದೋಣಿಯ ಪಕ್ಕದ ಉಕ್ಕಿಗೆ ಒಳಗಿನಿಂದ ಒಂದು ತೊಟ್ಟಿ ಬೆಸೆದಿರುತ್ತಾರೆ. ಎಂಜಿನ್ನಿನ ಬಿಸಿನೀರು ಅದರಲ್ಲಿ ಸುತ್ತಿ, ಆಚೆಯ ಕಾಲುವೆ ನೀರಿನಿಂದ ತಣ್ಣಗಾಗುತ್ತದೆ. ನಾಲ್ಕು ಅಶ್ವಶಕ್ತಿಗೆ ಒಂದು ಚದರ ಅಡಿ ತೊಟ್ಟಿ ಬೇಕು ಅನ್ನುವುದು ಇಲ್ಲಿನವರ ವಾಡಿಕೆ ಲೆಕ್ಕ. ನಮ್ಮ ತೊಟ್ಟಿ ಹಳೆಯ ಎಂಜಿನ್ನಿಗೆ ಸರಿಯಾಗಿತ್ತು, ಅದಕ್ಕಿಂತ ದೊಡ್ಡದಕ್ಕೆ ಸಾಲದು. ಎಲ್ಲ ಸೇರಿ ದೋಣಿ ರಿಪೇರಿಯ ಒಂದು ಯಾರ್ಡಿನವರು ಹೇಳಿದ ಅಂದಾಜು 10,000 ಪೌಂಡ್ ದಾಟಿತು.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಬಿರುಕು ಬಿಟ್ಟಿದ್ದರೆ ನಾನೂ ಹೊಸದೇ ಹಾಕಿಸುತ್ತಿದ್ದೆ. ಇಲ್ಲಿ ಹೋಗಿದ್ದು ಬೋರು, ರಿಂಗು. ಅದನ್ನು ಸರಿ ಮಾಡಬಹುದು. ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಹಾಗಾಗಿ ರಿಪೇರಿಗೇ ಕೈ ಹಾಕಿದೆ.

ನವೆಂಬರಿನಲ್ಲಿ ಶುರು ಮಾಡಿದೆ. ಚಳಿಗಾಲದಲ್ಲಿ ಲಾಕ್‌ಗಳನ್ನು ರಿಪೇರಿಗೆ ಅಂತ ಮುಚ್ಚುತ್ತಾರೆ, ಹೇಗೂ ದೂರ ಹೋಗುವಂತಿಲ್ಲ. ಹಿಂದಿನ ಡೆಕ್ಕಿನ ಹಲಗೆ ತೆಗೆದರೆ ಎಂಜಿನ್ ಪೂರ್ತಿ ಕಾಣುತ್ತದೆ, ಅದೊಂದು ಅನುಕೂಲ. ಕಬ್ಬಿಣದ ಪೈಪುಗಳಿಂದ ಚೌಕಟ್ಟು ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಪಕ್ಕದ ದೋಣಿಯ ಇಬ್ಬರ ಸಹಾಯದಿಂದ ಎತ್ತಿದೆ. ಚೌಕಟ್ಟಿನ ಕಾಲು ಎರಡೂ ಕಡೆ ದೋಣಿಯ ಮೇಲೇ ಇರಬೇಕು. ಒಂದು ಕಾಲು ದಡದ ಮೇಲೆ, ಇನ್ನೊಂದು ದೋಣಿ ಮೇಲೆ ಇಟ್ಟರೆ ಭಾರ ಬಿದ್ದ ಕ್ಷಣ ದೋಣಿ ಕೆಳಗೆ ಇಳಿದು ಚೌಕಟ್ಟು ಸೊಟ್ಟ ಆಗುತ್ತದೆ. ಎಂಜಿನ್ ಕೆಳಗಿನ ಟ್ರೇಯಲ್ಲಿದ್ದ ಎಣ್ಣೆಯನ್ನೆಲ್ಲ ಹೀರುವ ಪ್ಯಾಡಿನಿಂದ ತೆಗೆದು ಡಬ್ಬಿಗೆ ತುಂಬಿದೆ. ಅದನ್ನು ನೀರಿಗೆ ಪಂಪ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ನೀರಿನಲ್ಲಿ ಬಾತುಕೋಳಿ ಮರಿ ಮಾಡುತ್ತವೆ.

ಹೆಡ್ ತೆಗೆದಾಗ ಮೂರನೇ ಬೋರಿನ ಮೇಲ್ತುದಿಯಲ್ಲಿ ಉಗುರಿಗೆ ತಾಗುವಷ್ಟು ಏಣು ಇತ್ತು. ಅಳೆದರೆ ಸವೆತ 8 ಥೌ, ಅಂದರೆ 0.2 ಮಿಲಿಮೀಟರ್. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಒಂದು, ಎರಡನೇ ಬೋರು ಅಷ್ಟೊಂದು ಸವೆದಿರಲಿಲ್ಲ. ಆದರೆ ಗೋಡೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಬೋರನ್ನು ಕಲ್ಲಿನಿಂದ ಉಜ್ಜಿ ಹದ ಮಾಡುವ ಹೋನಿಂಗ್ ಮಾಡಿದಾಗ ಬೀಳುವ ಅಡ್ಡ ಗೀರುಗಳ ಗುರುತೇ ಇರಲಿಲ್ಲ. ಆ ಗೀರಿನಲ್ಲಿ ಆಯಿಲ್ ನಿಲ್ಲಬೇಕು, ರಿಂಗ್ ಕೂರಬೇಕು.

ಇದಕ್ಕೆ ಕಾರಣ ನಾವೇ. ಚಳಿಗಾಲದ ಸಂಜೆ ಬ್ಯಾಟರಿ ಚಾರ್ಜ್ ಆಗಲಿ ಅಂತ ದೋಣಿ ಕಟ್ಟಿಹಾಕಿ, ಎರಡೆರಡು ಗಂಟೆ ಎಂಜಿನ್ನನ್ನು ನಿಧಾನ ವೇಗದಲ್ಲಿ ಸುಮ್ನೆ ಓಡಿಸುತ್ತಿದ್ದೆವು. ಡೀಸೆಲ್ ಎಂಜಿನ್ನಿಗೆ ಭಾರ ಬೇಕು. ಭಾರ ಇಲ್ಲದೆ ಓಡಿದರೆ ಒಳಗೆ ಸಾಕಷ್ಟು ಬಿಸಿಯಾಗೋದಿಲ್ಲ, ರಿಂಗಿನ ಮೇಲೆ ಗ್ಯಾಸಿನ ಒತ್ತಡ ಬೀಳೋದಿಲ್ಲ, ಅರೆಬರೆ ಉರಿದ ಎಣ್ಣೆ ಬೋರಿಗೆ ಮೆತ್ತಿಕೊಂಡು ನಯವಾಗಿಬಿಡುತ್ತದೆ. ಚಿಕ್ಕಪ್ಪನ ಕಾರು ಘಾಟಿ ಹತ್ತುತ್ತಿತ್ತು, ಅದಕ್ಕೆ ಈ ಕಾಯಿಲೆ ಬರಲಿಲ್ಲ. ರಿಪೇರಿಗಿಂತ ಮೊದಲೇ ದೋಣಿಯ ಸೂರಿಗೆ ಎರಡು ಸೋಲಾರ್ ಪ್ಯಾನೆಲ್ ಹಾಕಿಸಿದೆ.

ಬ್ಲಾಕ್, ಹೆಡ್ಡು ಎರಡನ್ನೂ ಮೆಷಿನ್ ಶಾಪಿಗೆ ಕೊಟ್ಟೆ. ನಾಲ್ಕೂ ಬೋರ್ 20 ಥೌ ದೊಡ್ಡದು ಮಾಡಿದರು. ಹೆಡ್ ಪ್ರೆಷರ್ ಟೆಸ್ಟ್ ಮಾಡಿ, ಬಿರುಕು ಇಲ್ಲ ಅಂದರು. ಆ ಮಾತು ಕೇಳುವ ತನಕ ನನಗೆ ನಿದ್ದೆ ಸರಿ ಬಂದಿರಲಿಲ್ಲ. ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಅಳತೆ ಸರಿಯಿತ್ತು, ಬೇರಿಂಗ್ ಮಾತ್ರ ಹೊಸದು ಹಾಕಿದೆ. ಇಂಜೆಕ್ಟರ್ ನಾಲ್ಕನ್ನೂ ಡೀಸೆಲ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ ನಾಝಲ್ ಬದಲಾಯಿಸಿದೆ.

ಹೊಸ ರಿಂಗನ್ನು ಡಬ್ಬಿಯಿಂದ ತೆಗೆದು ಹಾಗೇ ಪಿಸ್ಟನ್ನಿಗೆ ಹಾಕಬೇಡಿ. ಮೊದಲು ಬರಿ ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ಸಮ ಮಾಡಿ, ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ, ಅಂದರೆ ಅಳತೆಯ ತೆಳು ತಗಡುಗಳನ್ನು ತೂರಿಸಿ, ನೋಡಿ. ಬೋರಿನ ಪ್ರತಿ ಇಂಚಿಗೆ 3ರಿಂದ 4 ಥೌ ಅನ್ನುವುದು ಹಳೆಯ ಲೆಕ್ಕ. ನಮ್ಮದು 3 ಇಂಚಿಗೆ ಹತ್ತಿರ, ಹಾಗಾಗಿ 9 ಥೌಗಿಂತ ಕಡಿಮೆ ಇರಬಾರದು. ಒಂದು ರಿಂಗಿನಲ್ಲಿ 6 ಮಾತ್ರ ಬಂತು. ಸಣ್ಣ ಅರದಿಂದ ತುದಿ ಉಜ್ಜಿ ಸರಿ ಮಾಡಿದೆ. ನೋಡದೆ ಹಾಕಿದ್ದರೆ ಬಿಸಿಯಾದಾಗ ತುದಿ ತುದಿ ಕಚ್ಚಿಕೊಂಡು ಹೊಸ ಬೋರ್ ಗೀಚಿಹೋಗುತ್ತಿತ್ತು.

ಟ್ಯಾಪೆಟ್ ಸಂದಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಿ, 15 ಥೌ. ಎಂಟು ವಾಲ್ವ್ ಇರುವುದರಿಂದ ಚಿಕ್ಕಪ್ಪ ಹೇಳಿಕೊಟ್ಟ ಒಂಬತ್ತರ ಲೆಕ್ಕ ಕೆಲಸ ಮಾಡುತ್ತದೆ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಿ. ಮೂರನೆಯದು ತೆರೆದಾಗ ಆರನೆಯದು. ಯಾವಾಗಲೂ ಕೂಡಿದರೆ ಒಂಬತ್ತು.

ಎಂಜಿನ್ ವಾಪಸ್ ಕೂರಿಸುವಾಗ ಒಂದು ತಪ್ಪು ಮಾಡಿದೆ. ತೆಗೆಯುವಾಗ ನಾಲ್ಕು ರಬ್ಬರ್ ಮೌಂಟಿನ ನಟ್ ಎಷ್ಟು ಎತ್ತರದಲ್ಲಿತ್ತು ಅಂತ ಗುರುತು ಮಾಡಿಕೊಂಡಿರಲಿಲ್ಲ. ಅದರಿಂದ ಪ್ರೊಪೆಲರ್ ಶಾಫ್ಟಿಗೂ ಗೇರ್‌ಬಾಕ್ಸಿಗೂ ನೇರ ಹೊಂದಿಸಲು ಎರಡು ಪೂರ್ತಿ ದಿನ ಬೇಕಾಯಿತು. ಶಾಫ್ಟು, ಗೇರ್‌ಬಾಕ್ಸು ಜೋಡಿಸುವ ಎರಡು ಬಿಲ್ಲೆ, ಅಂದರೆ ಫ್ಲ್ಯಾಂಜ್ ನಡುವೆ ಮೇಲೆ, ಕೆಳಗೆ, ಎಡ, ಬಲ ಫೀಲರ್ ಹಾಕಿ ನೋಡಬೇಕು. ವ್ಯತ್ಯಾಸ 4 ಥೌ ಒಳಗೆ ಬರಬೇಕು. ಮುಂದಿನ ನಟ್ ಕಾಲು ಸುತ್ತು ತಿರುಗಿಸಿದರೆ ಹಿಂದಿನ ಸಂದಿ ಬದಲಾಗುತ್ತದೆ. ಮೈನಸ್ 2 ಡಿಗ್ರಿ ಚಳಿಯಲ್ಲಿ ಬಗ್ಗಿ ಕೂತು ಇದನ್ನು ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ನೀವು ಬಿಚ್ಚುವ ಮುಂಚೆ ಪೇಂಟಿನಿಂದ ಒಂದೊಂದು ಗುರುತು ಹಾಕಿಕೊಳ್ಳಿ.

ಡೀಸೆಲ್ ಲೈನಿನ ಏರ್ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂಗಳು, ಕೊನೆಗೆ ಇಂಜೆಕ್ಟರ್ ಪೈಪಿನ ನಟ್. ಗುಳ್ಳೆ ನಿಂತು ಬರಿ ಡೀಸೆಲ್ ಬಂದ ಮೇಲೆ ಮುಂದಿನದಕ್ಕೆ ಹೋಗಬೇಕು. ಅದಕ್ಕೆ ಮೊದಲು ಸ್ಟಾಪ್ ಎಳೆದಿಟ್ಟು, ಆಯಿಲ್ ಲೈಟ್ ಆರುವ ತನಕ ಸ್ಟಾರ್ಟರ್ ತಿರುಗಿಸಿದ್ದೆ. ಹೀಟರ್ ಪ್ಲಗ್ ಹದಿನೈದು ಸೆಕೆಂಡ್ ಹಿಡಿದು ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ನನ್ನ ಹೆಂಡತಿ ವಿಡಿಯೋ ಕಾಲ್‌ನಲ್ಲಿ ಚಿಕ್ಕಪ್ಪನನ್ನು ಇಟ್ಟುಕೊಂಡಿದ್ದಳು. ಅವರು ಮಾತಾಡಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ "ಈಗ್ಲೇ ಕಟ್ಟಿಹಾಕಿ ಓಡಿಸ್ಬೇಡ. ಗೇರಿಗೆ ಹಾಕಿ ಹೊರಡು" ಅಂದರು.

ಸರಿಯಾದ ಮಾತು. ಹೊಸ ರಿಂಗ್ ಕೂರುವುದು ಭಾರದಲ್ಲೇ. ಮಿನರಲ್ ಆಯಿಲ್ ಹಾಕಿ, ಮೊದಲ ದಿನವೇ ಮೂರು ಗಂಟೆ ಹೋದೆವು. ವೇಗ ಒಂದೇ ಸಮ ಇಡದೆ ಏರಿಸುತ್ತ ಇಳಿಸುತ್ತ ಹೋದೆ. ಕಾಲುವೆಯ ಮಿತಿ ಗಂಟೆಗೆ 4 ಮೈಲಿ, ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಇನ್ನೂ ನಿಧಾನ. ಹಾಗಾಗಿ ಭಾರ ಕೊಡಲು ಮನೆಗಳಿಲ್ಲದ ಉದ್ದನೆಯ ನೇರ ಜಾಗ ಹುಡುಕಿಕೊಂಡೆ. 25 ಗಂಟೆ ಓಡಿದ ಮೇಲೆ ಆಯಿಲ್ ಬದಲಾಯಿಸಿ, ಹೆಡ್ ನಟ್ ಮತ್ತೆ ಬಿಗಿ ಮಾಡಿ, ಟ್ಯಾಪೆಟ್ ಇನ್ನೊಮ್ಮೆ ನೋಡಿದೆ. ಒಟ್ಟು ಖರ್ಚು ಯಾರ್ಡಿನವರು ಹೇಳಿದ್ದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ.

ಏಪ್ರಿಲ್‌ನಲ್ಲಿ ಬ್ಲಿಸ್‌ವರ್ತ್‌ಗೆ ವಾಪಸ್ ಹೋದೆವು. ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದೆ. ಹಿಂದಿನ ಬಾಯಿ ಸಾಸಿವೆ ಕಾಳಿನಷ್ಟು ಬೆಳಕಾಗಿ ಕಾಣುತ್ತಿತ್ತು. ಆಚೆ ಸ್ಟೋಕ್ ಬ್ರೂಯರ್ನ್‌ನಲ್ಲಿ ದೋಣಿ ಕಟ್ಟಿ, ಹಲಗೆ ಎತ್ತಿ ಟ್ರೇಗೆ ಬಿಳಿ ಕಾಗದ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಹಿಂದಿನ ಸೀಲಿಗೆ ನಾನು ಕೈ ಹಚ್ಚಿರಲೇ ಇಲ್ಲ.

ಡೆಕ್ ಹಲಗೆಯ ಅಡಿಯಲ್ಲಿ ಮಾರ್ಕರಿನಿಂದ ಈಗಿನ ಕಂಪ್ರೆಷನ್ ಬರೆದಿಟ್ಟಿದ್ದೇನೆ. 430, 425, 430, 425. ಪಕ್ಕದಲ್ಲಿ ಮುಂದಿನ ವರ್ಷದ ಅಳತೆಗೆ ಜಾಗ ಬಿಟ್ಟಿದ್ದೇನೆ.