ಮೊದಲ ಗ್ಯಾಲರಿ ಪ್ರದರ್ಶನಕ್ಕೆ ಕೃತಿ ಕೊಡುವ ಮುನ್ನ

"ಮುಂದಿನ ಗುಂಪು ಪ್ರದರ್ಶನಕ್ಕೆ ನಿಮ್ಮದೊಂದು ಐದಾರು ಕೃತಿ ಕೊಡಿ" ಎಂದು ಗ್ಯಾಲರಿಯವರು ಹೇಳಿದ ದಿನದಿಂದ ಕೆಲಸದ ಸ್ವರೂಪವೇ ಬೇರೆಯಾಗುತ್ತದೆ. ಕುಂಚ ಕೆಳಗಿಟ್ಟು ಅಳತೆ ಟೇಪು, ಸ್ಕ್ರೂಡ್ರೈವರ್, ಕರಾರು ಪತ್ರ ಹಿಡಿಯಬೇಕು. ಚಿತ್ರ ಚೆನ್ನಾಗಿದೆ ಎಂದು ಅವರು ಆಗಲೇ ತೀರ್ಮಾನಿಸಿಯಾಗಿದೆ. ಮತ್ತೊಮ್ಮೆ ಕರೆಯುವುದು ಬಿಡುವುದು ಬಹುಮಟ್ಟಿಗೆ ಕೃತಿ ಯಾವ ಸ್ಥಿತಿಯಲ್ಲಿ, ಯಾವ ಕಾಗದಪತ್ರದೊಂದಿಗೆ ಬಂದು ಇಳಿಯಿತು ಎಂಬುದರ ಮೇಲಿರುತ್ತದೆ.

ಮೊದಲು ಪಟ್ಟಿ

ಪ್ರತಿ ಕೃತಿಗೂ ಒಂದು ಸಂಖ್ಯೆ ಕೊಡಿ. ವರ್ಷ ಮತ್ತು ಕ್ರಮಸಂಖ್ಯೆ ಸಾಕು: 2024-017 ಎಂಬಂತೆ. ಅದರ ಮುಂದೆ ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ, ಬೆಲೆ, ಈಗ ಎಲ್ಲಿದೆ ಎಂಬ ವಿವರ. ಅಳತೆ ಬರೆಯುವಾಗ ಎತ್ತರ ಮೊದಲು, ಆಮೇಲೆ ಅಗಲ, ಕೊನೆಗೆ ದಪ್ಪ. ಇದು ತಿರುವುಮುರುವಾದರೆ ಅಡ್ಡ ಚಿತ್ರಕ್ಕೆ ಕಿರಿದಾದ ಎತ್ತರದ ಜಾಗ ಮೀಸಲಾಗಿ, ಗೋಡೆಯ ಯೋಜನೆಯನ್ನು ಕೊನೆಗಳಿಗೆಯಲ್ಲಿ ಮತ್ತೆ ಹಾಕಬೇಕಾಗುತ್ತದೆ. ಫ್ರೇಮ್ ಸಹಿತ ಅಳತೆ, ಫ್ರೇಮ್ ರಹಿತ ಅಳತೆ ಎರಡೂ ಇರಲಿ. ಕೃತಿಯ ಹಿಂಬದಿಯಲ್ಲೂ ಅದೇ ಸಂಖ್ಯೆ, ಹೆಸರು, ಮೇಲ್ಭಾಗ ಯಾವುದೆಂದು ತೋರಿಸುವ ಬಾಣ ಇರಬೇಕು. ಕ್ಯಾನ್ವಾಸ್ ಬಟ್ಟೆಯ ಮೇಲೆ ಒತ್ತಿ ಬರೆದರೆ ಕಾಲಕ್ರಮದಲ್ಲಿ ಮುಂಬದಿಗೆ ಗುರುತು ಮೂಡಬಹುದು. ಮರದ ಚೌಕಟ್ಟಿನ ಮೇಲೆ ಬರೆಯಿರಿ.

ಮುದ್ರಣ ಕಲೆ ಅಥವಾ ಛಾಯಾಚಿತ್ರವಾದರೆ ಎಷ್ಟು ಪ್ರತಿ ಎಂಬುದನ್ನು ಮೊದಲ ಪ್ರತಿ ಮಾರುವ ಮೊದಲೇ ನಿಗದಿ ಮಾಡಿ. 3/10 ಎಂದರೆ ಹತ್ತರಲ್ಲಿ ಮೂರನೆಯದು; ಆ ಹತ್ತನ್ನು ಮುಂದೆ ಹನ್ನೆರಡು ಮಾಡುವಂತಿಲ್ಲ.

ಕರಾರು: ಇಲ್ಲಿ ಅವಸರ ಬೇಡ

ಗ್ಯಾಲರಿ ಸಾಮಾನ್ಯವಾಗಿ ಕೃತಿಯನ್ನು ಕೊಳ್ಳುವುದಿಲ್ಲ, ಮಾರಿಕೊಡಲೆಂದು ಇಟ್ಟುಕೊಳ್ಳುತ್ತದೆ. ಇದಕ್ಕೆ ಕನ್‌ಸೈನ್‌ಮೆಂಟ್ ಎನ್ನುತ್ತಾರೆ. ಮಾರಾಟವಾಗುವವರೆಗೂ ಒಡೆತನ ಕಲಾವಿದರದೇ, ಮತ್ತು ಈ ಮಾತು ಪತ್ರದಲ್ಲಿ ಅಕ್ಷರರೂಪದಲ್ಲಿ ಇರಬೇಕು. ವಾಣಿಜ್ಯ ಗ್ಯಾಲರಿಗಳಲ್ಲಿ ಕಮಿಷನ್ 50% ಇರುವುದು ಮಾಮೂಲು. ಅದನ್ನು ನೋಡಿ ಗಾಬರಿಯಾಗುವ ಹೊಸಬರು ನಿಜಕ್ಕೂ ನಷ್ಟ ತರುವ ಸಣ್ಣ ಸಾಲುಗಳನ್ನು ಓದದೆ ಸಹಿ ಹಾಕುತ್ತಾರೆ.

ರಿಯಾಯಿತಿಯ ಸಾಲನ್ನೇ ನೋಡಿ. ಕೃತಿಯ ಬೆಲೆ 100, ಗ್ಯಾಲರಿ ಗ್ರಾಹಕರಿಗೆ 10% ಬಿಟ್ಟುಕೊಟ್ಟಿತು ಎನ್ನೋಣ. ಬಂದ 90ನ್ನು ಸಮ ಹಂಚಿದರೆ ನಿಮಗೆ 45. ಗ್ಯಾಲರಿ ತನ್ನ 50ನ್ನು ಪೂರ್ತಿ ಇಟ್ಟುಕೊಂಡರೆ ನಿಮಗೆ 40. "ರಿಯಾಯಿತಿಯನ್ನು ಇಬ್ಬರೂ ಸಮವಾಗಿ ಭರಿಸತಕ್ಕದ್ದು, 10% ಮೀರಿದರೆ ಕಲಾವಿದರ ಒಪ್ಪಿಗೆ ಬೇಕು" ಎಂಬ ಒಂದು ಸಾಲು ಇದನ್ನು ತಡೆಯುತ್ತದೆ. ಫ್ರೇಮಿನ ಖರ್ಚೂ ಹೀಗೆಯೇ. ನೀವು 8 ಖರ್ಚು ಮಾಡಿ ಫ್ರೇಮ್ ಹಾಕಿಸಿದ್ದರೆ ಆ 8ನ್ನು ಮೊದಲು ತೆಗೆದಿಟ್ಟು ಉಳಿದ 92ನ್ನು ಹಂಚಬೇಕು: ನಿಮಗೆ 46, ಜೊತೆಗೆ ಖರ್ಚಿನ 8. ಪೂರ್ತಿ ನೂರನ್ನೇ ಹಂಚಿದರೆ 50 ಬಂದಂತೆ ಕಂಡರೂ ಖರ್ಚು ಕಳೆದು ಉಳಿಯುವುದು 42.

ಇನ್ನು ಕೇಳಬೇಕಾದವು: ಮಾರಾಟವಾದ ಎಷ್ಟು ದಿನದಲ್ಲಿ ಹಣ (ಗ್ರಾಹಕರಿಂದ ಹಣ ಬಂದ 30 ದಿನದೊಳಗೆ ಎಂದು ಕೇಳುವುದು ನ್ಯಾಯ), ಕೃತಿಗಳು ಎಷ್ಟು ತಿಂಗಳು ಅವರ ಬಳಿ ಇರುತ್ತವೆ, ಸಾಗಣೆ ವೆಚ್ಚ ಹೋಗುವಾಗ ಯಾರದು, ಬರುವಾಗ ಯಾರದು. ವಿಮೆ ಗ್ಯಾಲರಿಯ ಗೋಡೆಯ ಮೇಲಿರುವಾಗ ಮಾತ್ರವೋ, ಅಥವಾ ನಿಮ್ಮ ಸ್ಟುಡಿಯೋ ಬಿಟ್ಟಲ್ಲಿಂದ ಹಿಂತಿರುಗುವವರೆಗೂ ಇದೆಯೋ? ಕೃತಿಗೆ ಪೆಟ್ಟಾಗುವುದು ಹೆಚ್ಚಾಗಿ ದಾರಿಯಲ್ಲೇ. ನೀವು ಬೇರೆಡೆ ಮಾರಬಾರದೆಂಬ ಷರತ್ತಿದ್ದರೆ ಅದು ಯಾವ ಊರಿಗೆ, ಎಷ್ಟು ಕಾಲಕ್ಕೆ ಎಂಬ ಮಿತಿ ಇರಲಿ.

ಮರುಮಾರಾಟದ ಪಾಲನ್ನೂ ಕೇಳಬಹುದೇ? ಕೇಳಬಹುದು, ಆದರೆ ಹೊಸಬರಿಗೆ ಸಿಗುವುದು ಕಷ್ಟ. 1971ರಲ್ಲೇ ನ್ಯೂಯಾರ್ಕಿನಲ್ಲಿ ಪ್ರದರ್ಶನ ಸಂಘಟಕ ಸೇಥ್ ಸೀಗೆಲಾಬ್ ಮತ್ತು ವಕೀಲ ರಾಬರ್ಟ್ ಪ್ರೊಜಾನ್ಸ್ಕಿ ಸಿದ್ಧಪಡಿಸಿದ ಮಾದರಿ ಕರಾರಿನಲ್ಲಿ, ಕೃತಿ ಮತ್ತೆ ಮಾರಾಟವಾದಾಗ ಹೆಚ್ಚಿದ ಮೌಲ್ಯದ 15% ಕಲಾವಿದರಿಗೆ ಸಲ್ಲಬೇಕೆಂದಿತ್ತು. ಕೊಳ್ಳುವವರು ಅದಕ್ಕೆ ಸಹಿ ಹಾಕಿದ್ದು ಅಪರೂಪ.

ಗೋಡೆಗೆ ಬಾಡಿಗೆ ಕೊಡಿ, ಕ್ಯಾಟಲಾಗಿಗೆ ಹಣ ಕೊಡಿ, ಮೇಲೆ ಕಮಿಷನ್ನೂ ಕೊಡಿ ಎನ್ನುವ ಜಾಗದಿಂದ ದೂರವಿರುವುದು ಒಳ್ಳೆಯದು. ಕಲಾವಿದರಿಂದಲೇ ಆದಾಯ ಬಂದುಬಿಟ್ಟರೆ ಗ್ರಾಹಕರನ್ನು ಹುಡುಕುವ ಅಗತ್ಯ ಅವರಿಗೆ ಉಳಿಯುವುದಿಲ್ಲ.

ಬೆಲೆ

ಕಲಾವಿದರು ಬಳಸುವ ಲೆಕ್ಕ ಎರಡು: ವಿಸ್ತೀರ್ಣಕ್ಕಿಷ್ಟು, ಅಥವಾ ಎತ್ತರ ಮತ್ತು ಅಗಲ ಕೂಡಿಸಿ ಅದಕ್ಕಿಷ್ಟು. 40×50 ಸೆಂ.ಮೀ. ಚಿತ್ರವನ್ನೂ 100×120 ಸೆಂ.ಮೀ. ಚಿತ್ರವನ್ನೂ ಹೋಲಿಸಿ. ವಿಸ್ತೀರ್ಣ 2,000 ಮತ್ತು 12,000. ದೊಡ್ಡದರ ಬೆಲೆ ಆರು ಪಟ್ಟಾಗುತ್ತದೆ. ಕೂಡಿಸಿದರೆ 90 ಮತ್ತು 220; ಸುಮಾರು ಎರಡೂವರೆ ಪಟ್ಟು. ಮೊದಲ ಪ್ರದರ್ಶನಕ್ಕೆ ಎರಡನೆಯದೇ ವಾಸಿ. ವಿಸ್ತೀರ್ಣದ ಲೆಕ್ಕದಲ್ಲಿ ಸಣ್ಣ ಚಿತ್ರಗಳು ತೀರಾ ಅಗ್ಗವಾಗುತ್ತವೆ, ದೊಡ್ಡವು ಕೈಗೆಟುಕದಂತಾಗುತ್ತವೆ. ಒಂದೇ ಅಳತೆಯ ಎರಡು ಚಿತ್ರಗಳಲ್ಲಿ ನಿಮಗೆ ಪ್ರಿಯವಾದದ್ದಕ್ಕೆ ಹೆಚ್ಚು ಬೆಲೆ ಇಡಬೇಡಿ. ಉಳಿದದ್ದು ಕಡಿಮೆ ದರ್ಜೆಯದು ಎಂದು ನೀವೇ ಹೇಳಿದಂತಾಗುತ್ತದೆ. ಸ್ಟುಡಿಯೋದಲ್ಲಿ ಕೊಳ್ಳುವವರಿಗೂ ಗ್ಯಾಲರಿಯ ಬೆಲೆಯೇ. ಅರ್ಧಕ್ಕೆ ಕೊಟ್ಟ ಸುದ್ದಿ ಗ್ಯಾಲರಿಗೆ ತಲುಪದೆ ಇರುವುದಿಲ್ಲ.

ಫೋಟೋ

ಗಾಜಿನ ಫ್ರೇಮ್ ಹಾಕಿಸುವ ಮೊದಲೇ ಫೋಟೋ ತೆಗೆಯಿರಿ. ಒಂದೇ ಬಗೆಯ ಎರಡು ದೀಪ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ, ಸಮಾನ ದೂರದಲ್ಲಿ. ಕೋಣೆಯ ಉಳಿದ ದೀಪ ಆರಿಸಿ, ಪರದೆ ಎಳೆಯಿರಿ. ಕಿಟಕಿಯ ಬೆಳಕು ಬೆರೆತರೆ ಚಿತ್ರದ ಒಂದು ಬದಿ ನೀಲಿ, ಇನ್ನೊಂದು ಹಳದಿ ಆಗುತ್ತದೆ. ಟ್ರೈಪಾಡ್, ಐಎಸ್‌ಒ 100 (ಬೆಳಕಿನ ಸಂವೇದನೆ), ಎಫ್/8 (ಲೆನ್ಸಿನ ತೆರಪು), ಎರಡು ಸೆಕೆಂಡಿನ ಟೈಮರ್. ಚಿತ್ರ ಓರೆಯಾಗಿ ಬಾರದಿರಲು ಒಂದು ಉಪಾಯವಿದೆ: ಚಿತ್ರ ತೂಗುವ ಗೋಡೆಯ ಮೇಲೆ, ಅದರ ನಡುಭಾಗ ಬರುವಲ್ಲಿ, ಸಣ್ಣ ಕನ್ನಡಿಯನ್ನು ಗೋಡೆಗೆ ಒತ್ತಿಕೊಂಡಂತೆ ಇಡಿ. ಕ್ಯಾಮೆರಾದಲ್ಲಿ ನೋಡಿದಾಗ ಲೆನ್ಸಿನ ಪ್ರತಿಬಿಂಬ ಕನ್ನಡಿಯಲ್ಲೂ ದೃಶ್ಯದಲ್ಲೂ ನಟ್ಟನಡುವೆ ಕಂಡರೆ ಕ್ಯಾಮೆರಾ ಗೋಡೆಗೆ ನೇರವಾಗಿದೆ.

ಹಿಂಬದಿ, ತಂತಿ, ಗಾಜು

ಹಲ್ಲುಪಟ್ಟಿಯಂಥ ಸಿದ್ಧ ತೂಗುಪಟ್ಟಿಗಳನ್ನು ಹೆಚ್ಚಿನ ಗ್ಯಾಲರಿಗಳು ಒಪ್ಪುವುದಿಲ್ಲ. ಯಾರಾದರೂ ತಾಗಿದರೆ ಚಿತ್ರ ಕಳಚಿಕೊಳ್ಳುತ್ತದೆ. ಡಿ-ರಿಂಗ್ (ತಂತಿ ಕಟ್ಟಲು ಹಿಂಬದಿಗೆ ಹಾಕುವ ಡಿ ಆಕಾರದ ಲೋಹದ ಬಳೆ) ಎರಡನ್ನು ಮೇಲಂಚಿನಿಂದ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಸ್ಕ್ರೂ ಮಾಡಿ. ಇನ್ನೂ ಕೆಳಗೆ ಹಾಕಿದರೆ ಚಿತ್ರ ಮುಂದಕ್ಕೆ ವಾಲುತ್ತದೆ. ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ನಡುವೆ ಮೊಳೆಗೆ ಸಿಕ್ಕಿಸಿದಾಗ ತಂತಿ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಅದರ ಮೇಲಿನ ಎಳೆತ ಚಿತ್ರದ ತೂಕದಷ್ಟೇ. 10 ಡಿಗ್ರಿಯಷ್ಟು ಚಪ್ಪಟೆಯಾಗಿದ್ದರೆ ಸುಮಾರು ಮೂರು ಪಟ್ಟು. ಗಟ್ಟಿಮುಟ್ಟಾದ ತಂತಿಯೂ ಕಿತ್ತುಬರುವುದು ಹೀಗೆ. ಅಗಲವಾದ, ಭಾರದ ಚಿತ್ರಕ್ಕೆ ತಂತಿಯೇ ಬೇಡ, ಎರಡು ರಿಂಗಿಗೆ ಎರಡು ಮೊಳೆ.

ಕಾಗದದ ಕೃತಿಯನ್ನು ಅಂಟುಟೇಪಿನಿಂದ ಬೋರ್ಡಿಗೆ ಅಂಟಿಸಬಾರದು. ಟೇಪಿನ ಗೋಂದು ಕಾಗದದೊಳಕ್ಕೆ ಇಳಿದು ಹಳದಿ ಕಲೆ ಬಿಡುತ್ತದೆ. ಆಮ್ಲರಹಿತ ಬೋರ್ಡು, ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು. ಪಟ್ಟಿ ಮೇಲಂಚಿಗೆ ಮಾತ್ರ, ಏಕೆಂದರೆ ತೇವಕ್ಕೆ ಕಾಗದ ಹಿಗ್ಗಲು ಜಾಗ ಬೇಕು. ಇದ್ದಿಲು ಅಥವಾ ಪೇಸ್ಟಲ್ ಚಿತ್ರಕ್ಕೆ ಸಾಧಾರಣ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಹಾಕಬೇಡಿ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತು ಬಣ್ಣದ ಪುಡಿಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ಗಾಜೇ ಸರಿ, ನಡುವೆ ಮೌಂಟಿನ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಚೌಕದ) ಅಂತರ ಬಿಟ್ಟು.

ಕಟ್ಟುವುದು

ಎಷ್ಟೋ ಚಿತ್ರಗಳು ಹಾಳಾಗುವುದು ಬಬಲ್ ರ್‍ಯಾಪಿನಿಂದ ಎಂದರೆ ಹಲವರಿಗೆ ಅಚ್ಚರಿ. ಅಕ್ರಿಲಿಕ್ ಬಣ್ಣದ ಪದರ ಕೋಣೆಯ ತಾಪಮಾನದಲ್ಲೂ ಒಂದಿಷ್ಟು ಮೆದುವಾಗಿಯೇ ಇರುತ್ತದೆ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಗುಳ್ಳೆಗಳು ಒತ್ತಿದರೆ ಚಿತ್ರದ ತುಂಬ ದುಂಡು ಗುರುತು ಬಿದ್ದು ಹೋಗದೆ ಉಳಿಯುತ್ತದೆ. ಬಣ್ಣಕ್ಕೆ ತಾಗುವ ಮೊದಲ ಪದರ ಸಿಲಿಕೋನ್ ಲೇಪದ ಕಾಗದವಾಗಿರಲಿ. ಚೆನ್ನಾಗಿ ಒಣಗಿದ ತೈಲಚಿತ್ರಕ್ಕೂ ಕಾಗದದ ಕೃತಿಗೂ ಗ್ಲಾಸೀನ್ (ನುಣುಪಾದ ಅರೆಪಾರದರ್ಶಕ ಕಾಗದ) ಸಾಕು. ಮೂಲೆಗಳಿಗೆ ರಟ್ಟಿನ ಕವಚ, ಮುಂಬದಿಗೆ ಗಟ್ಟಿ ರಟ್ಟು, ಅದರ ಮೇಲೆ ಬಬಲ್ ರ್‍ಯಾಪ್, ಗುಳ್ಳೆ ಹೊರಮುಖವಾಗಿ. ತೈಲವರ್ಣ ಮುಟ್ಟಿದರೆ ಅಂಟುವುದಿಲ್ಲ ಎಂದಮಾತ್ರಕ್ಕೆ ಒಣಗಿದೆ ಎಂದಲ್ಲ. ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ, ದಪ್ಪ ಪದರಕ್ಕೆ ತಿಂಗಳುಗಟ್ಟಲೆ ಬೇಕು. ಸಾಂಪ್ರದಾಯಿಕ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ಇದಕ್ಕೇ. ಹಸಿ ಚಿತ್ರ ಹೋಗಲೇಬೇಕಿದ್ದರೆ, ಮುಂಬದಿಗೆ ಏನೂ ತಾಗದಂಥ ಮರದ ಸಾಗಣೆ ಚೌಕಟ್ಟಿನೊಳಗೆ ಹಿಂಬದಿಯಿಂದ ಸ್ಕ್ರೂ ಮಾಡಿ ಕಳಿಸಬೇಕು.

ಕಟ್ಟುವ ಮೊದಲು ಮುಂಬದಿ, ಹಿಂಬದಿ, ನಾಲ್ಕು ಮೂಲೆಗಳ ಫೋಟೋ ತೆಗೆದು, ಇರುವ ಗೀರು ಬಿರುಕುಗಳನ್ನೆಲ್ಲ ಬರೆದು ಸ್ಥಿತಿ ವರದಿ ಮಾಡಿ. ಅದಕ್ಕೆ ಗ್ಯಾಲರಿಯವರ ಸಹಿ ಮತ್ತು ದಿನಾಂಕ ಪಡೆಯಿರಿ.

ತೂಗುಹಾಕುವುದು

ತೂಗುವವರು ಗ್ಯಾಲರಿಯ ಕೆಲಸಗಾರರೇ ಆದರೂ ಲೆಕ್ಕ ನಿಮಗೆ ಗೊತ್ತಿರಲಿ. ಚಿತ್ರದ ನಡುಭಾಗ ನೆಲದಿಂದ 145ರಿಂದ 152 ಸೆಂ.ಮೀ. ಎತ್ತರದಲ್ಲಿರುವುದು ರೂಢಿ. ಮೊಳೆಯ ಎತ್ತರ ಸಿಗಬೇಕಾದರೆ ನಡುಭಾಗದ ಎತ್ತರಕ್ಕೆ ಚಿತ್ರದ ಎತ್ತರದ ಅರ್ಧ ಕೂಡಿಸಿ, ಎಳೆದು ಹಿಡಿದ ತಂತಿಯಿಂದ ಮೇಲಂಚಿಗಿರುವ ದೂರವನ್ನು ಕಳೆಯಿರಿ. ಚಿತ್ರ 90 ಸೆಂ.ಮೀ. ಎತ್ತರ, ತಂತಿ 12 ಸೆಂ.ಮೀ. ಕೆಳಗೆ ಎಂದಾದರೆ 150 + 45 − 12, ಅಂದರೆ 183. ತಂತಿಯನ್ನು ಎಳೆಯದೆ ಸಡಿಲವಾಗಿ ಅಳೆದರೆ ಪ್ರತಿ ಚಿತ್ರವೂ ಬೇರೆ ಬೇರೆ ಮಟ್ಟಕ್ಕೆ ಇಳಿಯುತ್ತದೆ. ಕೊನೆಗೆ ರಸಮಟ್ಟ ಇಟ್ಟು ನೋಡಿ. ಕಾಗದದ ಕೃತಿಗಳ ಮೇಲಿನ ಬೆಳಕು 50 ಲಕ್ಸ್ (ಬೆಳಕಿನ ಪ್ರಖರತೆಯ ಮಾನ) ಆಸುಪಾಸಿನಲ್ಲಿರಲಿ, ತೈಲಚಿತ್ರಕ್ಕೆ 200 ಲಕ್ಸ್‌ವರೆಗೆ ಅಡ್ಡಿಯಿಲ್ಲ.

ಪ್ರದರ್ಶನ ಮುಗಿದ ಮೇಲೆ

ಉಳಿದ ಕೃತಿಗಳನ್ನು ತರಲು ಹೋದಾಗ ಕಟ್ಟು ಬಿಚ್ಚಿ, ಸ್ಥಿತಿ ವರದಿಯ ಫೋಟೋಗಳ ಜೊತೆ ಅಲ್ಲೇ ಹೋಲಿಸಿ, ಆಮೇಲೆ ಸ್ವೀಕೃತಿಗೆ ಸಹಿ ಹಾಕಿ. ಮನೆಗೆ ಬಂದು ಕಂಡ ಗೀರಿಗೆ ಯಾರೂ ಹೊಣೆಯಾಗುವುದಿಲ್ಲ. ಕೊಂಡವರ ಹೆಸರು ಹೇಳಲು ಕೆಲವು ಗ್ಯಾಲರಿಗಳು ಹಿಂಜರಿಯುತ್ತವೆ. ಮುಂದೆ ಆ ಕೃತಿಯನ್ನು ಯಾವುದಾದರೂ ಪ್ರದರ್ಶನಕ್ಕೆ ಎರವಲು ಕೇಳಬೇಕಾದೀತು, ಆದ್ದರಿಂದ ಹೆಸರು ತಿಳಿಸಬೇಕೆಂಬ ಸಾಲನ್ನು ಕರಾರಿನಲ್ಲೇ ಸೇರಿಸಿರಬೇಕು. ಕೃತಿ ವಾಪಸಾದ ದಿನಾಂಕವನ್ನು ನಿಮ್ಮ ಪಟ್ಟಿಯಲ್ಲಿ ಅದೇ ದಿನ ಬರೆದುಕೊಳ್ಳಿ. ಗ್ಯಾಲರಿ ತನ್ನಲ್ಲೇ ಇರಿಸಿಕೊಂಡವಕ್ಕೆ ಹೊಸ ಅವಧಿ ನಮೂದಿಸಿದ ಪತ್ರ ಬೇಕು. ಅದು ಕೈಗೆ ಬರುವವರೆಗೂ ಆ ಕೃತಿಗಳನ್ನು ಇನ್ನೊಬ್ಬರಿಗೆ ಕೊಡುವೆನೆಂದು ಮಾತು ಕೊಡಬೇಡಿ.