ಇಂಗ್ಲಿಷ್ ವಾಕ್ಯದ ಅಸಲಿ ಕ್ರಿಯಾಪದ ಹಿಡಿಯುವುದು ಹೇಗೆ?

ದಾವಣಗೆರೆಯಲ್ಲಿ ಎಫ್‌ಡಿಎ, ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪದಗಳು ಗೊತ್ತಿರುತ್ತವೆ, ಟೆನ್ಸ್ ಬಾಯಿಪಾಠ ಇರುತ್ತದೆ. ಆದರೆ ಉದ್ದ ವಾಕ್ಯ ಬಂತೋ, ಮೊದಲು ಕಂಡ ಕ್ರಿಯಾಪದವನ್ನೇ ಮುಖ್ಯ ಕ್ರಿಯಾಪದ ಅಂತ ಹಿಡಿದುಬಿಡುತ್ತಾರೆ. ಆಮೇಲೆ ಉಳಿದ ಅರ್ಧ ವಾಕ್ಯ ಎಲ್ಲಿಗೂ ಸೇರುವುದಿಲ್ಲ.

ಹೆಜ್ಜೆ 1: ಪೂರ್ಣವಿರಾಮದವರೆಗೆ ಸುಮ್ನೆ ಒಮ್ಮೆ ಓದಿ. ಡಿಕ್ಷನರಿ ಮುಟ್ಟಬೇಡಿ.

ಹೆಜ್ಜೆ 2: ಕ್ರಿಯಾಪದದ ಹಾಗೆ ಕಾಣುವ ಎಲ್ಲ ಪದಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಿ. ಹೈಲೈಟರ್ ಬೇಡವೇ ಬೇಡ. ಮುಂದಿನದೆಲ್ಲ ಅಳಿಸುವ ಕೆಲಸ.

ಹೆಜ್ಜೆ 3: ಹುಸಿ ಕ್ರಿಯಾಪದಗಳನ್ನು ಅಳಿಸಿ. ಎಡವುವುದು ಇಲ್ಲೇ.

ಸುಲಭದವು ಮೊದಲು. 'ಟು' ಆದ ಮೇಲೆ ಬಂದ ಕ್ರಿಯಾಪದ ಅಳಿಸಿ. 'ಈಸ್', 'ವಾಸ್' ಥರದ ಜೊತೆಗಾರ ಇಲ್ಲದ 'ಇಂಗ್' ಪದ ಅಳಿಸಿ. 'ಹೂ', 'ವಿಚ್' ಆದ ಮೇಲೆ ಅದಕ್ಕೆ ಅಂಟಿಕೊಂಡು ಬರುವ ಕ್ರಿಯಾಪದವೂ ಹೋಗಲಿ.

ಈಗ ಕಷ್ಟದ್ದು. 'ದ ದೋಸೆ ಸರ್ವ್ಡ್ ಹಿಯರ್ ಟೇಸ್ಟ್ಸ್ ಗುಡ್.' ಸಬ್ಜೆಕ್ಟ್ ಆದ ಮೇಲೆ ವರ್ಬ್ ಅಂತ ಶಾಲೆಯಲ್ಲಿ ಕಲಿತವರು 'ಸರ್ವ್ಡ್' ಹಿಡಿಯುತ್ತಾರೆ. ದೋಸೆ ಯಾರಿಗೆ ಬಡಿಸೀತು? ನಾವು 'ಇಲ್ಲಿ ಬಡಿಸುವ ದೋಸೆ' ಅನ್ನುತ್ತೇವೆ, ವಿವರ ಮೊದಲು, ದೋಸೆ ಆಮೇಲೆ. ಇಂಗ್ಲಿಷಿನಲ್ಲಿ ದೋಸೆ ಮೊದಲು, ವಿವರ ಅದರ ಬೆನ್ನಿಗೆ. 'ವಿಚ್ ಈಸ್' ಸೇರಿಸಿ ನೋಡಿ: 'ದ ದೋಸೆ ವಿಚ್ ಈಸ್ ಸರ್ವ್ಡ್ ಹಿಯರ್.' ಸರಿಹೋಯಿತಲ್ವಾ? ಹಾಗಾದರೆ 'ಸರ್ವ್ಡ್' ಬರೀ ವಿವರ. 'ಟೇಸ್ಟ್ಸ್' ಅಸಲಿ.

ಮನುಷ್ಯರು ಸಬ್ಜೆಕ್ಟ್ ಆದರೆ ಗೊಂದಲ ಜಾಸ್ತಿ. 'ದ ಸ್ಟೂಡೆಂಟ್ಸ್ ಸೆಂಟ್ ಟು ಹರಿಹರ ಕೇಮ್ ಬ್ಯಾಕ್ ಲೇಟ್.' ಕಳಿಸಿದವರೋ, ಕಳಿಸಲ್ಪಟ್ಟವರೋ? ಪಾಸ್ಟ್ ಟೆನ್ಸ್, ಪಾಸ್ಟ್ ಪಾರ್ಟಿಸಿಪಲ್ ಎರಡೂ ರೂಪದಲ್ಲಿ 'ಸೆಂಟ್' ಒಂದೇ. ಎರಡು ರೂಪ ಬೇರೆ ಬೇರೆ ಇರುವ ಪದ ಆ ಜಾಗಕ್ಕೆ ಹಾಕಿ. 'ಟುಕ್' ಕೂರುವುದಿಲ್ಲ, 'ಟೇಕನ್' ಕೂರುತ್ತದೆ. ಅಂದರೆ ಅವರನ್ನು ಯಾರೋ ಹರಿಹರಕ್ಕೆ ಕಳಿಸಿದ್ದರು. ಮುಖ್ಯ ಕ್ರಿಯಾಪದ 'ಕೇಮ್'.

ಉತ್ಸಾಹದಲ್ಲಿ ಎಲ್ಲವನ್ನೂ ಅಳಿಸಬೇಡಿ. 'ದ ಸ್ಟೂಡೆಂಟ್ಸ್ ಸೆಂಟ್ ಮನಿ ಹೋಮ್' ವಾಕ್ಯದಲ್ಲಿ 'ಸೆಂಟ್' ತೆಗೆದರೆ ಬೇರೆ ಕ್ರಿಯಾಪದವೇ ಇಲ್ಲ. ಹಾಗಾಗಿ ಅದೇ ಅಸಲಿ.

ಕನ್ನಡ ಮೀಡಿಯಂ ಅಂತ ಕುಗ್ಗಬೇಕಿಲ್ಲ. 'ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್' ಅಂತ ಥಾಮಸ್ ಬೆವರ್ ಎಂಬ ಅಮೆರಿಕದ ವಿದ್ವಾಂಸರು 1970ರಲ್ಲಿ ಕೊಟ್ಟ ವಾಕ್ಯ ಇಂಗ್ಲಿಷ್ ಮನೆಮಾತಿನವರನ್ನೂ ಮುಗ್ಗರಿಸುತ್ತದೆ. ಕೊಟ್ಟಿಗೆ ದಾಟಿ ಓಡಿಸಲಾದ ಕುದುರೆ ಬಿತ್ತು, ಅಷ್ಟೇ ಅರ್ಥ. ಇಂಥವಕ್ಕೆ ಗಾರ್ಡನ್ ಪಾತ್ ವಾಕ್ಯ ಅನ್ನುತ್ತಾರೆ.

ಫೋನಿನಲ್ಲಿ ಅನುವಾದಿಸಿಕೊಂಡರೆ ಅರ್ಥ ಸಿಗಬಹುದು, ಆದರೆ ಪರೀಕ್ಷಾ ಹಾಲಿಗೆ ಫೋನ್ ಬಿಡುವುದಿಲ್ಲ. ತಿಂಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಅನ್ನುವ ಗೈಡುಗಳಿಗೂ ದುಡ್ಡು ಹಾಕಬೇಡಿ. ನಾನು ನೋಡಿದವುಗಳಲ್ಲಿ 'ರಾಮ ಈಟ್ಸ್ ಎ ಮ್ಯಾಂಗೋ' ದಾಟಿದ ವಾಕ್ಯ ಕಡಿಮೆ.

ಹೆಜ್ಜೆ 4: ಉಳಿದ ಕ್ರಿಯಾಪದಕ್ಕೆ ಸಬ್ಜೆಕ್ಟ್ ಹುಡುಕಿ. 'ದ ಬೇಲ್ಸ್ ಆಫ್ ಕಾಟನ್ ಕೆಪ್ಟ್ ಇನ್ ದ ಗೋಡೌನ್ ಆರ್ ವೆಟ್.' ಪಕ್ಕದಲ್ಲಿ ಗೋಡೌನ್ ಒಂದೇ ಇದೆ ಅಂತ 'ಈಸ್' ಗುರುತು ಮಾಡಿ ಅಂಕ ಕಳೆದುಕೊಳ್ಳುವವರು ತುಂಬಾ ಜನ. ಒದ್ದೆಯಾಗಿರುವುದು ಬೇಲುಗಳು.

ಹೆಜ್ಜೆ 5: ಸಬ್ಜೆಕ್ಟ್, ಕ್ರಿಯಾಪದ ಜೋಡಿಸಿ ಅರ್ಥ ಮಾಡಿಕೊಳ್ಳಿ. ವಿವರಗಳನ್ನು ಆಮೇಲೆ ತುಂಬಿ.

ಅಭ್ಯಾಸಕ್ಕೆ ಎನ್‌ಸಿಇಆರ್‌ಟಿಯ ಇಂಗ್ಲಿಷ್ ಮೀಡಿಯಂ ಸಮಾಜ ಪುಸ್ತಕ ನನ್ನ ಆಯ್ಕೆ. ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಪೇಪರ್ ಆದರೆ ಸಂಪಾದಕೀಯ ಓದಿ, ಹೆಡ್‌ಲೈನ್ ಬಿಡಿ. 'ಟೂ ಹೆಲ್ಡ್ ಇನ್ ಹರಿಹರ' ಅನ್ನುವ ಕಡೆ 'ವರ್' ನುಂಗಿರುತ್ತಾರೆ. ಅಂಥ ಹೆಡ್‌ಲೈನಿಗೆ ಮೇಲಿನ ಉಪಾಯಗಳು ಕೆಲಸ ಮಾಡುವುದಿಲ್ಲ.